ಆಚಾರ್ಯ ಜಗದೀಶಚಂದ್ರ ಬೋಸರೂ ರೇಡಾರಿನ ಕಣ್ಣೂ

ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದಿಂದ ನಮ್ಮ ಹಳೆಯ ವಾಚಕರೊಬ್ಬರು ಕಾಗದ ಬರೆದಿದ್ದಾರೆ. ಅವರು ಅಳಿಯಂದಿರ ಹೊಸ ಮೋಟಾರಿನಲ್ಲಿ ಕುಳಿತು ಬೆಂಗಳೂರಿಗೆ ಹೊರಟಿದ್ದರಂತೆ. ಬೆಳಗಿನ ಮಂಜು ಹೆದ್ದಾರಿಯನ್ನೆಲ್ಲಾ ಮುಸುಕಿದ್ದಿತು. ಮುಂದೆ ಹೋಗುತ್ತಿದ್ದ ಲಾರಿಯು ಇವರ ಕಣ್ಣಿಗೆ ಬೀಳುವುದಕ್ಕೆ ಮೊದಲೇ ಮೋಟಾರು ತಾನೇ ತಾನಾಗಿ ಬ್ರೇಕು ಹಿಡಿದು ವೇಗವನ್ನು ತಗ್ಗಿಸಿಕೊಂಡಿತಂತೆ. ಮುಂದಿನ ಬಂಪರಿನೊಳಗೆ ರೇಡಾರ್ ಸೆನ್ಸರ್ ಎಂಬ ಸಾಧನವಿರುವುದೆಂದು ಅಳಿಯಂದಿರು ಹೇಳಿದರಂತೆ. ಈ ಯಕ್ಷಿಣಿಯ ಮರ್ಮವೇನು, ಇದನ್ನು ಯಾವ ಪರದೇಶದವರು ಕಂಡುಹಿಡಿದರು ಎಂಬುದು ಆ ಮಹನೀಯರ ಪ್ರಶ್ನೆ.

ಪ್ರಶ್ನೆಯ ಮೊದಲ ಭಾಗಕ್ಕೆ ಉತ್ತರ ಹೇಳುವುದು ನಮಗೆ ಸಂತೋಷ. ಎರಡನೆಯ ಭಾಗವನ್ನು ಓದಿ ಮಾತ್ರ ಮನಸ್ಸಿಗೆ ನೋವಾಯಿತು. ರೇಡಾರು ಒಬ್ಬನ ಕೈಯಿಂದ ಆದುದಲ್ಲ. ಅದರಲ್ಲಿ ಜರ್ಮನರು, ಆಂಗ್ಲರು, ಅಮೆರಿಕದವರು ಎಲ್ಲರ ಪಾಲೂ ಉಂಟು. ಆದರೆ ಆ ಬಂಪರಿನೊಳಗಿನ ಯಂತ್ರವು ಆಡುವಂಥ ಅತಿ ಸಣ್ಣ ವಿದ್ಯುತ್ತರಂಗವನ್ನು ಹುಟ್ಟಿಸಿ, ಪಳಗಿಸಿ, ಅಳತೆಮಾಡಿ ತೋರಿಸಿದ ಮೊದಲಿಗರ ಸಾಲಿನಲ್ಲಿ ನಿಂತವರು ಕಲ್ಕತ್ತೆಯ ಒಬ್ಬ ಕಾಲೇಜು ಅಧ್ಯಾಪಕರು. ಅವರೇ ಆಚಾರ್ಯ ಜಗದೀಶಚಂದ್ರ ಬೋಸರು. ಗಿಡಗಳಿಗೆ ಜೀವವಿದೆ ಎಂದು ತೋರಿಸಿದವರು ಎಂಬಷ್ಟರಿಂದಲೇ ನಮ್ಮ ಶಾಲೆಯ ಮಕ್ಕಳು ಅವರನ್ನು ಬಲ್ಲರು. ಅದಕ್ಕೂ ಮುಂಚಿನ ಆರು ವರ್ಷಗಳ ಅವರ ಕೆಲಸವನ್ನು ಬಲ್ಲವರು ವಿರಳ. ಆದಕಾರಣ ಆ ಮಹನೀಯರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇವೆ.

ಜಗದೀಶಚಂದ್ರರು ಹುಟ್ಟಿದ್ದು 1858ನೆಯ ಇಸವಿ ನವೆಂಬರ್ 30ನೆಯ ತಾರೀಖು, ಇಂದು ಬಾಂಗ್ಲಾದೇಶಕ್ಕೆ ಸೇರಿರುವ ಪೂರ್ವ ಬಂಗಾಳದಲ್ಲಿ. ತಂದೆ ಭಗವಾನ್‌ಚಂದ್ರರು ಡೆಪ್ಯುಟಿ ಮ್ಯಾಜಿಸ್ಟ್ರೇಟರು, ಬ್ರಹ್ಮಸಮಾಜದವರು. ಅಂಥ ಅಧಿಕಾರಸ್ಥರು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳುಹಿಸುವುದೇ ಅಂದಿನ ಪದ್ಧತಿ. ಭಗವಾನ್‌ಚಂದ್ರರು ಮಗನನ್ನು ಬಂಗಾಳಿ ಪಾಠಶಾಲೆಗೆ ಸೇರಿಸಿದರು. ಒಂದು ಪಕ್ಕದಲ್ಲಿ ಮುಸಲ್ಮಾನ ಜವಾನನ ಮಗ, ಇನ್ನೊಂದು ಪಕ್ಕದಲ್ಲಿ ಬೆಸ್ತರ ಹುಡುಗ, ನಡುವೆ ಮ್ಯಾಜಿಸ್ಟ್ರೇಟರ ಮಗ. ನೀರಿನ ಜಂತುಗಳ, ಹಕ್ಕಿಗಳ ಕಥೆಗಳನ್ನು ಆ ಗೆಳೆಯರ ಬಾಯಿಂದ ಕೇಳಿ ಕೇಳಿ ತಮಗೆ ಪ್ರಕೃತಿಯನ್ನು ನೋಡುವ ಕಣ್ಣು ಬಂದಿತೆಂದು ಬೋಸರು ಮುಪ್ಪಿನಲ್ಲಿಯೂ ನೆನೆಯುತ್ತಿದ್ದರು. ತಂದೆಯವರಿಗೆ ಕೈಕಸುಬಿನ ಮೇಲೆ ಬಹಳ ಆದರ. ಬಡಹುಡುಗರಿಗಾಗಿ ಅವರು ಕೈಗಾರಿಕೆಯ ಶಾಲೆಯನ್ನು ನಡೆಸಿದರು. ಬೇಸಾಯಕ್ಕೂ ಚಹದ ತೋಟಕ್ಕೂ ಹಣ ಹಾಕಿ ಕಳೆದುಕೊಂಡು ಸಾಲದಲ್ಲಿ ಮುಳುಗಿದರು.

ಮುಂದೆ ಕಲ್ಕತ್ತೆಯ ಸೇಂಟ್ ಝೇವಿಯರ್ ಕಾಲೇಜು. ಅಲ್ಲಿ ಫಾದರ್ ಲಫಾಂಟರೆಂಬ ಪಾದ್ರಿಗಳು ಭೌತವಿಜ್ಞಾನವನ್ನು ಪ್ರಯೋಗ ಮಾಡಿ ತೋರಿಸಿ ಕಲಿಸುತ್ತಿದ್ದರು. 1880ರಲ್ಲಿ ಬೋಸರು ವೈದ್ಯವಿದ್ಯೆಗೆಂದು ಲಂಡನ್ನಿಗೆ ಹೋದರು. ಮೊದಲೇ ಹತ್ತಿದ್ದ ಜ್ವರವು ಶವಚ್ಛೇದದ ಕೋಣೆಯ ವಾಸನೆಯಿಂದ ಮರುಕಳಿಸಿತು. ವೈದ್ಯವನ್ನು ಬಿಟ್ಟು ಕೇಂಬ್ರಿಜ್ಜಿಗೆ ಹೋಗಿ ಪ್ರಕೃತಿವಿಜ್ಞಾನವನ್ನು ಹಿಡಿದರು. ಅಲ್ಲಿ ಲಾರ್ಡ್ ರ‍್ಯಾಲೀ ಅವರ ಗುರುಗಳು. ಕೇಂಬ್ರಿಜ್ಜಿನ ಪದವಿಯನ್ನೂ ಲಂಡನ್ನಿನ ಬಿ.ಎಸ್‌ಸಿ. ಪದವಿಯನ್ನೂ ಪಡೆದು ಸ್ವದೇಶಕ್ಕೆ ಹಿಂದಿರುಗಿ 1885ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾದರು.

ಅಲ್ಲಿ ಒಂದು ಅವಮಾನವು ಅವರಿಗಾಗಿ ಕಾದಿದ್ದಿತು. ಐರೋಪ್ಯ ಅಧ್ಯಾಪಕರಿಗೆ ಸಲ್ಲುವ ಸಂಬಳದಲ್ಲಿ ಮೂರನೆಯ ಎರಡು ಪಾಲು ಮಾತ್ರ ಭಾರತೀಯರಿಗೆ. ಬೋಸರ ಉದ್ಯೋಗ ಖಾಯಂ ಅಲ್ಲವೆಂದು ಅದರಲ್ಲಿಯೂ ಅರ್ಧ. ಎಂದರೆ ಅದೇ ಪಾಠಕ್ಕೆ, ಅದೇ ಗಂಟೆಗಳಿಗೆ, ಬಿಳಿಯನಿಗೆ ಒಂದು ರೂಪಾಯಿಯಾದರೆ ಇವರಿಗೆ ಸುಮಾರು ಐದಾಣೆ. ಬೋಸರು ಕೂಗಾಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ತಪ್ಪದೆ ಪಾಠ ಹೇಳುತ್ತಾ ಮೂರು ವರ್ಷ ಸಂಬಳವನ್ನು ಕೈಯಿಂದ ಮುಟ್ಟಲೇ ಇಲ್ಲ. ತಂದೆಯ ಸಾಲವು ತಲೆಯ ಮೇಲೆ. ನಡುವೆ 1887ರಲ್ಲಿ ವಿವಾಹ. ಪತ್ನಿ ಅಬಲಾದೇವಿಯವರು ವೈದ್ಯವಿದ್ಯೆಗಾಗಿ ನಮ್ಮ ಮದರಾಸಿಗೆ ಬಂದು ಓದಿ, ದೇಹಸ್ಥಿತಿ ಕೆಟ್ಟು ಮಧ್ಯದಲ್ಲಿ ಬಿಟ್ಟವರು. ಮೂರು ವರ್ಷಗಳಾದ ಮೇಲೆ ಸರಕಾರಕ್ಕೆ ಬುದ್ಧಿ ಬಂದು, ಹಿಂದಿನ ದಿನದಿಂದಲೇ ಪೂರ್ತಿ ಸಂಬಳವನ್ನು ಮಂಜೂರುಮಾಡಿತು. ಆ ಗಂಟು ತಂದೆಯ ಸಾಲಕ್ಕೆ ಹೋಯಿತು. ಇದು ಸತ್ಯಾಗ್ರಹವೆಂಬ ಮಾತು ಹುಟ್ಟುವುದಕ್ಕೆ ಸುಮಾರು ಇಪ್ಪತ್ತು ವರ್ಷ ಹಿಂದಿನ ಸಂಗತಿ ಎಂಬುದನ್ನು ವಾಚಕರು ಗಮನಿಸಬೇಕು.

ಇನ್ನು ಅಲೆಗಳ ವಿಚಾರ. ಜರ್ಮನಿಯ ಹರ್ಟ್ಸ್ ಪಂಡಿತರು 1888ರ ಸುಮಾರಿಗೆ ಕಿಡಿ ಹಾರಿಸಿ ವಿದ್ಯುತ್ತರಂಗಗಳನ್ನು ಹುಟ್ಟಿಸಿ, ಅವು ಬೆಳಕಿನ ಹಾಗೆಯೇ ತಗಡಿಗೆ ತಾಗಿ ಹಿಂದಿರುಗುವುವೆಂದು ತೋರಿಸಿದ್ದರು. ಆದರೆ ಆ ಅಲೆಗಳು ಬಲು ಉದ್ದ. ಒಂದೊಂದು ಮೊಳದಿಂದ ಹಿಡಿದು ಹಲವು ಗಜಗಳವರೆಗೆ. ಇಂಥ ಅಲೆಯನ್ನು ಪಟ್ಟಕದಲ್ಲಿ ಹಾಯಿಸಿ ಬಗ್ಗಿಸಬೇಕಾದರೆ ಪಟ್ಟಕವು ಆಳೆತ್ತರ ಬೇಕು. 1894ರಲ್ಲಿ, ತಮ್ಮ ಮೂವತ್ತಾರನೆಯ ವಯಸ್ಸಿನಲ್ಲಿ, ಬೋಸರು ಬೇರೊಂದು ದಾರಿಯನ್ನು ಯೋಚಿಸಿದರು. ಯಂತ್ರವನ್ನು ದೊಡ್ಡದು ಮಾಡುವುದಕ್ಕೆ ಬದಲು ಅಲೆಯನ್ನೇ ಚಿಕ್ಕದು ಮಾಡಿದರೆ ಪ್ರಯೋಗವೆಲ್ಲಾ ಒಂದು ಮೇಜಿನ ಮೇಲೆ ಹಿಡಿಸೀತು. ನೋಡುವುದಕ್ಕೆ ಸಣ್ಣ ಯೋಚನೆ. ಇಂದಿನ ರೇಡಾರ್ ಸೆನ್ಸರುಗಳಿಗೆಲ್ಲಾ ಆಧಾರವಾಗಿರುವ ಯೋಚನೆ ಇದೇ.

ಕಾಲೇಜಿನಲ್ಲಿ ಪ್ರಯೋಗಶಾಲೆಯೆಂಬುದೇ ಇರಲಿಲ್ಲ. ಸ್ನಾನದ ಮನೆಯ ಪಕ್ಕದ ಒಂದು ಸಣ್ಣ ಕೋಣೆ ಅವರ ಪಾಲಿಗೆ ಬಂದಿತು. ಊರಿನ ಒಬ್ಬ ತಗಡಿನ ಕೆಲಸದವನನ್ನು ಕರೆದು, ಪಕ್ಕದಲ್ಲಿ ಕುಳಿತು ತಿದ್ದಿ ತಿದ್ದಿ, ತಮ್ಮ ಸಂಪಾದನೆಯಿಂದಲೇ ಖರ್ಚುಮಾಡಿ ಯಂತ್ರಗಳನ್ನು ಮಾಡಿಸಿದರು. ಪ್ಲಾಟಿನಂನ ಸಣ್ಣ ಗುಂಡಿನ ಸುತ್ತ ಕಿಡಿ ಹಾರಿಸಿ ಅವರು ಪಡೆದ ಅಲೆಯ ಉದ್ದವು ಎರಡೂವರೆ ಸೆಂಟಿಮೀಟರಿನಿಂದ ಐದು ಮಿಲಿಮೀಟರಿನವರೆಗೆ. ಐದು ಮಿಲಿಮೀಟರ್ ಎಂದರೆ ಒಂದು ತೊಗರಿಕಾಳಿನಷ್ಟು. ಅಲೆಯನ್ನು ಹಿಡಿದು ಒಳಗೆ ತರುವುದಕ್ಕೆ ಚೌಕನಾದ ಲಾಳಿಕೆ. ಒಂದೆಡೆ ಕೂಡಿಸುವುದಕ್ಕೆ ಮಸೂರ. ಅಲೆಯು ಯಾವ ದಿಕ್ಕಿಗೆ ಕಂಪಿಸುತ್ತದೆಂದು ನೋಡುವುದಕ್ಕೆ ಹುರಿಹಾಕಿದ ಸೆಣಬು! ಮತ್ತೊಂದು ಸಲ ರೈಲ್ವೆ ವೇಳಾಪಟ್ಟಿಯ ದಪ್ಪ ಪುಸ್ತಕವನ್ನು ತೆಗೆದುಕೊಂಡು, ಹಾಳೆಹಾಳೆಯ ನಡುವೆ ತವರದ ತಗಡಿಟ್ಟು ಅದನ್ನೇ ಯಂತ್ರಮಾಡಿದರು. ಹಣವಿಲ್ಲದವರ ಪ್ರಯೋಗಶಾಲೆಯಲ್ಲಿ ಬುದ್ಧಿಯು ಹೀಗೆ ಕೆಲಸಮಾಡುತ್ತದೆ.

1895ರ ಮೇ ತಿಂಗಳಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯಲ್ಲಿ ಅವರ ಮೊದಲನೆಯ ಪ್ರಬಂಧ. ಅದೇ ವರ್ಷ ಲಾರ್ಡ್ ರ‍್ಯಾಲೀಯವರ ಮೂಲಕ ಲಂಡನ್ನಿನ ರಾಯಲ್ ಸೊಸೈಟಿಗೆ ಇನ್ನೊಂದು. ಕಲ್ಕತ್ತೆಯ ಪುರಭವನದಲ್ಲಿ ಜನರೆದುರಿಗೆ ಪ್ರಯೋಗವನ್ನು ಮಾಡಿ ತೋರಿಸಿದರು. ಅಲೆಯು ಗೋಡೆಯನ್ನು ದಾಟಿ, ನಡುವೆ ನಿಂತ ಲೆಫ್ಟಿನೆಂಟ್ ಗವರ್ನರರ ಸ್ಥೂಲದೇಹವನ್ನೂ ದಾಟಿ, ಆಚೆಯ ಕೋಣೆಯಲ್ಲಿ ಗಂಟೆ ಬಾರಿಸಿತು, ಮದ್ದಿಗೆ ಕಿಡಿ ಹೊತ್ತಿಸಿತು. 1896ರಲ್ಲಿ ಲಂಡನ್ ವಿಶ್ವವಿದ್ಯಾನಿಲಯವು ಅವರಿಗೆ ಡಿ.ಎಸ್‌ಸಿ. ಪದವಿಯನ್ನು ಕೊಟ್ಟಿತು. 1897ನೆಯ ಜನವರಿ 29ನೆಯ ತಾರೀಖು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ, ತಗಡಿನವನು ಮಾಡಿದ ಆ ಪೆಟ್ಟಿಗೆಯನ್ನೇ ಮುಂದಿಟ್ಟುಕೊಂಡು ಉಪನ್ಯಾಸ ಮಾಡಿದರು.

ಈಗ ದೇವರಾಯಸಮುದ್ರದ ವಾಚಕರ ಪ್ರಶ್ನೆಗೆ ಬರೋಣ. ಅವರ ಸೀಮೆಯಲ್ಲಿ ಬಂಡೆಗಳಿಗೆ ಕೊರತೆಯಿಲ್ಲ. ಬಂಡೆಯ ಮುಂದೆ ನಿಂತು ಕೂಗಿದರೆ ಕೂಗು ಮರಳಿ ಬರುತ್ತದೆ. ಬರುವುದಕ್ಕೆ ಹಿಡಿದ ಹೊತ್ತಿನಿಂದ ಬಂಡೆಯ ದೂರವನ್ನು ಲೆಕ್ಕಹಾಕಬಹುದು. ರೇಡಾರು ಮಾಡುವುದೂ ಇಷ್ಟೆ. ಆದರೆ ವಿದ್ಯುತ್ತರಂಗದ ಓಟವು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್. ನೂರೈವತ್ತು ಮೀಟರ್ ಮುಂದಿರುವ ಲಾರಿಗೆ ತಾಗಿ ಹಿಂದಿರುಗುವುದಕ್ಕೆ ಸೆಕೆಂಡಿನ ಹತ್ತುಲಕ್ಷದ ಒಂದು ಪಾಲು ಸಾಕು. ಇಷ್ಟು ಸಣ್ಣ ಹೊತ್ತನ್ನು ನೇರವಾಗಿ ಎಣಿಸುವುದು ಕಷ್ಟವಾದುದರಿಂದ ಒಂದು ಉಪಾಯವನ್ನು ಮಾಡಿದ್ದಾರೆ. ಗವಾಯಿಯೊಬ್ಬನು ಬಂಡೆಯೆದುರು ನಿಂತು ಷಡ್ಜದಿಂದ ಸ್ವರವನ್ನು ಎಡೆಬಿಡದೆ ಏರಿಸುತ್ತಾ ಹೋಗುತ್ತಾನೆನ್ನಿ. ಪ್ರತಿಧ್ವನಿಯು ಕಿವಿಗೆ ಬೀಳುವ ವೇಳೆಗೆ ಅವನು ಮೇಲಿನ ಸ್ವರದಲ್ಲಿರುತ್ತಾನೆ. ಮರಳಿ ಬಂದುದು ಕೆಳಗಿನ ಸ್ವರ. ಎರಡಕ್ಕೂ ಇರುವ ಅಂತರ ಹೆಚ್ಚಿದಷ್ಟೂ ಬಂಡೆ ದೂರ. ಮೋಟಾರಿನ ಸೆನ್ಸರು ಇದೇ ರೀತಿಯಲ್ಲಿ ಅಲೆಯ ಕಂಪನವನ್ನು ಏರಿಸಿ ಏರಿಸಿ ಬಿಡುತ್ತದೆ; ಹಿಂದೆ ಬಂದುದನ್ನು ಹೋಗುತ್ತಿರುವುದರೊಡನೆ ಬೆರೆಸಿ ಅಂತರವನ್ನು ಎಣಿಸುತ್ತದೆ. ಎದುರಿನ ವಸ್ತುವು ಹತ್ತಿರಕ್ಕೆ ಬರುತ್ತಿದ್ದರೆ, ಬರುವ ರೈಲಿನ ಶಿಳ್ಳೆಯು ಏರಿ ಕೇಳಿಸುವಂತೆ, ಪ್ರತಿಧ್ವನಿಯೂ ಏರುತ್ತದೆ. ಅದರಿಂದ ವೇಗವು ತಿಳಿಯುತ್ತದೆ. ಕೇಳುವ ಕಿವಿಗಳನ್ನು ಸಾಲಾಗಿ ನಾಲ್ಕಾರು ಇಟ್ಟರೆ ಯಾವ ಕಿವಿಗೆ ಮೊದಲು ತಾಗಿತೆಂಬುದರಿಂದ ದಿಕ್ಕೂ ತಿಳಿಯುತ್ತದೆ. ಮಂಜು, ಹೊಗೆ, ಧೂಳು, ಕತ್ತಲೆ ಯಾವುದೂ ಇದಕ್ಕೆ ಅಡ್ಡಿಯಲ್ಲ. ಆದುದರಿಂದಲೇ ಆ ದಿನ ಮನುಷ್ಯನ ಕಣ್ಣಿಗೆ ಕಾಣದ ಲಾರಿ ಯಂತ್ರಕ್ಕೆ ಕಂಡಿತು.

ಅಲೆಯು ಸಣ್ಣದಾಗಬೇಕೇಕೆಂಬುದಕ್ಕೆ ನಮ್ಮ ಕೋಲಾರದವರು ತಿರುಪತಿಗೆ ಹೋಗುವ ದಾರಿಯಲ್ಲಿಯೇ ನಿದರ್ಶನವುಂಟು. ಚಿತ್ತೂರನ್ನು ದಾಟಿ ತಿರುಪತಿಗೆ ಸ್ವಲ್ಪ ಈಚೆಗೆ ಗಾದಂಕಿ ಎಂಬ ಊರಿದೆ. ಮೇಲಿನ ವಾಯುಮಂಡಲದ ಚಲನೆಯನ್ನು ಅರಿಯುವುದಕ್ಕೆ ಅಲ್ಲಿ 1990ರ ದಶಕದಲ್ಲಿ ದೊಡ್ಡದೊಂದು ರೇಡಾರನ್ನು ನಿಲ್ಲಿಸಿದರು. ಅದರ ಅಲೆಯ ಉದ್ದ ಐದೂವರೆ ಮೀಟರಿಗೂ ಮೇಲೆ. ಆ ಕಾರಣ 1024 ಆಂಟೆನಾಗಳನ್ನು ಒಂದೊಂದು ಬದಿ 130 ಮೀಟರ್ ಇರುವ ಹೊಲದಲ್ಲಿ ಪೈರಿನಂತೆ ನೆಡಬೇಕಾಯಿತು. ಆ ಕೆಲಸಕ್ಕೆ ಅಷ್ಟು ಉದ್ದದ ಅಲೆಯೇ ಬೇಕು. ಅದು ಬೇರೆ ಮಾತು. ಮೋಟಾರಿನ ಸೆನ್ಸರಿನ ಅಲೆಯಾದರೋ ಸುಮಾರು ನಾಲ್ಕು ಮಿಲಿಮೀಟರ್. ಸೆಕೆಂಡಿಗೆ ಏಳು ಸಾವಿರದ ಏಳುನೂರು ಕೋಟಿ ಕಂಪನ. ಆಂಟೆನಾವು ಅಲೆಯ ಅರ್ಧದಷ್ಟಿದ್ದರೆ ಸಾಕಾದುದರಿಂದ ಇಡೀ ರೇಡಾರು ಅಂಗೈಯಲ್ಲಿ ಅಡಗುತ್ತದೆ; ಅದರ ಮುಖ್ಯ ಭಾಗವು ಉಗುರಿನಷ್ಟು ದೊಡ್ಡ ಚಿಪ್ಪು. ಮನೆಯೊಳಗೆ ಬಳಸುವ ಇನ್ನೊಂದು ಜಾತಿಯ ಸೆನ್ಸರುಗಳು ಆರು ಸಾವಿರ ಕೋಟಿ ಕಂಪನದವು. ಅವುಗಳ ಅಲೆಯ ಉದ್ದ ಸರಿಯಾಗಿ ಐದು ಮಿಲಿಮೀಟರ್. ಸ್ನಾನದ ಮನೆಯ ಪಕ್ಕದ ಕೋಣೆಯಲ್ಲಿ ಬೋಸರು ಹುಟ್ಟಿಸಿದ ಅದೇ ಅಳತೆ!

ಈ ಅಲೆಗಳನ್ನು ಗಾಳಿಯ ಆಮ್ಲಜನಕವೇ ಹೀರಿಬಿಡುವುದರಿಂದ ಅವು ಬಹು ದೂರ ಹೋಗಲಾರವು. ಆದರೆ ಒಂದು ಕೋಣೆಯ ಕೆಲಸಕ್ಕೆ ಅದು ದೋಷವಲ್ಲ, ಗುಣ; ಪಕ್ಕದ ಮನೆಯ ಯಂತ್ರಕ್ಕೆ ತೊಂದರೆಯಾಗುವುದಿಲ್ಲ. ಮಲಗಿದ ರೋಗಿಯ ಎದೆಯು ಉಸಿರಿಗೆ ಏರಿ ಇಳಿಯುವುದನ್ನು ಮೈಮುಟ್ಟದೆ ಇವು ಎಣಿಸುತ್ತವೆ. ಒಂಟಿಯಾಗಿರುವ ಮುದುಕರು ಬಿದ್ದರೆ ಸುದ್ದಿ ಕೊಡುತ್ತವೆ. ಚಿತ್ರ ತೆಗೆಯುವುದಿಲ್ಲವಾದ್ದರಿಂದ ಮಾನಕ್ಕೆ ಕುಂದಿಲ್ಲ. ಮೋಟಾರಿನ ಹಿಂದಿನ ಸೀಟಿನಲ್ಲಿ ಮರೆತುಬಿಟ್ಟ ಕೂಸನ್ನು ಕಂಡುಹಿಡಿಯುತ್ತವೆ. ಇವುಗಳ ಜ್ಞಾತಿಗಳು ಆಸ್ಪತ್ರೆಯ ಬಾಗಿಲನ್ನು ತೆರೆಯುತ್ತವೆ, ಹೆದ್ದಾರಿಯಲ್ಲಿ ವೇಗವನ್ನು ಅಳೆದು ದಂಡ ಹಾಕಿಸುತ್ತವೆ. ನದಿಯ, ಜಲಾಶಯದ ಮೇಲೆ ತೂಗುಹಾಕಿದ ರೇಡಾರು ನೀರಿನ ಮಟ್ಟವನ್ನು ಮುಟ್ಟದೆ ಅಳೆಯುತ್ತದೆ. ಕೇಂದ್ರ ಜಲ ಆಯೋಗದವರು ಪ್ರವಾಹದ ಮುನ್ಸೂಚನೆಗೆ ಇಂಥವನ್ನು ಬಳಸುತ್ತಾರೆ. 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬಂದು ಬೀಳುತ್ತಿರುವುದಷ್ಟೆ. ಹಿಂದೆ ತೂಬಿನ ಬಳಿ ನಿಂತು ನೀರಗಂಟಿಯು ಕಣ್ಣಳತೆಯಿಂದ ಹೇಳುತ್ತಿದ್ದ ಲೆಕ್ಕವನ್ನು ಈ ಸಾಧನವು ಮಿಲಿಮೀಟರಿನ ಲೆಕ್ಕದಲ್ಲಿ ಹೇಳಬಲ್ಲುದು. ಸಮುದ್ರವೆಂಬ ಹೆಸರನ್ನು ಕೆರೆಗೆ ಇಟ್ಟ ಸೀಮೆಯವರಿಗೆ ಇದರ ಬೆಲೆಯನ್ನು ನಾವು ಹೇಳಬೇಕಾಗಿಲ್ಲ.

ಬೋಸರು ಸ್ವತಃ ರೇಡಾರನ್ನು ಮಾಡಲಿಲ್ಲ. ಈ ಮಾತನ್ನು ಸ್ಪಷ್ಟವಾಗಿ ಹೇಳುವುದು ನಮ್ಮ ಧರ್ಮ. ಅಭಿಮಾನಕ್ಕಾಗಿ ಇಲ್ಲದುದನ್ನು ಕಟ್ಟುವುದು ಅವರಂಥ ಸತ್ಯಸಂಧರಿಗೆ ಮಾಡುವ ಅಪಚಾರ. ಅಲೆಯನ್ನು ಕಳುಹಿಸಿ, ಮರಳಿದುದರಿಂದ ಹಡಗನ್ನು ಕಂಡುಹಿಡಿಯುವ ಯಂತ್ರಕ್ಕೆ 1904ರಲ್ಲಿ ಪೇಟೆಂಟು ಪಡೆದವನು ಜರ್ಮನಿಯ ಹ್ಯುಲ್ಸ್‌ಮೇಯರ್. ವಿಮಾನವನ್ನು ಗುರುತಿಸುವ ಆಂಗ್ಲರ ಪ್ರಯೋಗ 1935ರಲ್ಲಿ. 1940ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಮ್ಯಾಗ್ನೆಟ್ರಾನ್ ನಳಿಗೆ ಸಿದ್ಧವಾಗಿ ಹತ್ತು ಸೆಂಟಿಮೀಟರಿನ ಅಲೆಯಿಂದ ಯುದ್ಧದ ರೇಡಾರು ಬೆಳೆಯಿತು. ಬೋಸರ ಸಣ್ಣ ಅಲೆಯಾದರೋ ಹಲವು ದಶಕಗಳ ಕಾಲ ಕೇಳುವವರಿಲ್ಲದೆ ಮಲಗಿದ್ದಿತು.

ಅಲೆಯನ್ನು ಹಿಡಿಯುವ ಸಾಧನಗಳಲ್ಲಿಯೂ ಅವರು ಕಾಲಕ್ಕಿಂತ ಮುಂದಿದ್ದರು. ಪಾದರಸವನ್ನೂ ಕಬ್ಬಿಣವನ್ನೂ ಸೇರಿಸಿದ ಗ್ರಾಹಕವನ್ನು 1899ರಲ್ಲಿ ರಾಯಲ್ ಸೊಸೈಟಿಗೆ ವಿವರಿಸಿದರು. 1901ರಲ್ಲಿ ಅಟ್ಲಾಂಟಿಕ್ ಸಾಗರದಾಚೆಯ ಸಂಜ್ಞೆಯನ್ನು ಹಿಡಿಯುವಾಗ ಮಾರ್ಕೋನಿಯವರು ಬಳಸಿದುದು ಇದೇ ತೆರದ ಗ್ರಾಹಕವೆಂದು 1998ರಲ್ಲಿ ಅಮೆರಿಕದ ವಿದ್ವತ್ಪತ್ರಿಕೆಯೊಂದರಲ್ಲಿ ಪ್ರಬಂಧವು ಬಂದಿತು. ಗೆಲೀನ ಎಂಬ ಸೀಸದ ಅದಿರಿನ ಹರಳಿನಿಂದ ಬೋಸರು ಮಾಡಿದ ಗ್ರಾಹಕವು ಇಂದಿನ ಅರೆವಾಹಕ ಸಾಧನಗಳ ಹಿರಿಯಣ್ಣ.

1901ರಲ್ಲಿ ಲಂಡನ್ನಿನಲ್ಲಿ ತಂತಿ ಯಂತ್ರಗಳ ವ್ಯಾಪಾರಿಯೊಬ್ಬನು ಪೇಟೆಂಟಿನ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡೇ ಅವರಲ್ಲಿಗೆ ಬಂದನು. ಲಾಭದಲ್ಲಿ ಅರ್ಧ ಕೊಡುವೆನೆಂದನು. ಬೋಸರು ಒಪ್ಪಲಿಲ್ಲ. ಕೋಟ್ಯಧೀಶನಾದವನು ಇನ್ನೂ ಹಣಕ್ಕಾಗಿ ಬೇಡುವುದನ್ನು ಕಂಡು ಜುಗುಪ್ಸೆಯಾಯಿತೆಂದೂ, ಆ ಬಲೆಗೆ ಒಮ್ಮೆ ಬಿದ್ದರೆ ಬಿಡುಗಡೆಯಿಲ್ಲವೆಂದೂ ಗೆಳೆಯರಾದ ರವೀಂದ್ರನಾಥ ಠಾಕೂರರಿಗೆ ಕಾಗದ ಬರೆದರು. ಆಪ್ತರಾದ ಅಮೆರಿಕದ ಸಾರಾ ಬುಲ್ ಎಂಬ ಮಹಿಳೆಯ ಒತ್ತಾಯದಿಂದ ಗೆಲೀನ ಗ್ರಾಹಕಕ್ಕೆ ಮಾತ್ರ ಅರ್ಜಿ ಹೋಯಿತು. 1904ನೆಯ ಮಾರ್ಚಿ 29ರಂದು ಅಮೆರಿಕದ ಪೇಟೆಂಟು ಬಂದಿತು. ಹ್ಯುಲ್ಸ್‌ಮೇಯರನ ಪೇಟೆಂಟಿಗೂ ಇದಕ್ಕೂ ಒಂದೇ ತಿಂಗಳ ಅಂತರ! ಬೋಸರು ಅದರಿಂದ ಒಂದು ಕಾಸನ್ನೂ ಗಳಿಸಲಿಲ್ಲ. ಅವಧಿ ತೀರಿ ಹೋಗಗೊಟ್ಟರು.

ಇದನ್ನು ತ್ಯಾಗವೆಂದು ಹೊಗಳುವುದು ನಮ್ಮಲ್ಲಿ ವಾಡಿಕೆ. ನಾವೂ ಹೊಗಳುತ್ತೇವೆ, ಆದರೆ ಅಷ್ಟಕ್ಕೆ ನಿಲ್ಲಲಾರೆವು. ವಿದ್ಯೆಯು ಮಾರುವ ಸರಕಲ್ಲವೆಂದು ಋಷಿಯಂತಿದ್ದ ಒಬ್ಬರು ಹೇಳಬಹುದು. ದೇಶವು ಹಾಗೆ ಕೈಕಟ್ಟಿ ಕುಳಿತರೆ, ಇಲ್ಲಿ ಹುಟ್ಟಿದ ವಿದ್ಯೆಯನ್ನು ಹೊರಗಿನಿಂದ ಬೆಲೆ ಕೊಟ್ಟು ಕೊಳ್ಳಬೇಕಾಗುತ್ತದೆ. ನಮ್ಮ ಮೋಟಾರುಗಳ ಸೆನ್ಸರಿನ ಚಿಪ್ಪುಗಳಲ್ಲಿ ಬಹುಪಾಲು ಪರದೇಶದ ಕಂಪೆನಿಗಳವೇ. ದೋಷವು ಬೋಸರ ಮೇಲಲ್ಲ. ತಗಡಿನ ಕೆಲಸದವನನ್ನು ಹಿಡಿದು ಜಗತ್ತು ಬೆರಗಾಗುವ ಯಂತ್ರವನ್ನು ಮಾಡಿಸಿದ ಊರಿನಲ್ಲಿ, ಆ ಯಂತ್ರವನ್ನು ನೂರಾಗಿ ಮಾಡಿ ಮಾರುವ ಒಂದು ಕಾರ್ಖಾನೆಯು ಏಳಲಿಲ್ಲ. ಸಂಬಳದಲ್ಲಿಯೇ ವಂಚಿಸಿದ ಸರಕಾರವು ಕಾರ್ಖಾನೆಗೆ ನೆರವಾದೀತೆ? ಶ್ರೀಮಂತರೂ ಅತ್ತ ನೋಡಲಿಲ್ಲ. ಬೋಸರ ಖರ್ಚಿಗೆ ಸಹಾಯವನ್ನು ಒದಗಿಸುವುದಕ್ಕೆ ಕವಿ ರವೀಂದ್ರರು ತ್ರಿಪುರದ ಮಹಾರಾಜರ ಬಾಗಿಲಿಗೆ ಹೋಗಬೇಕಾಯಿತು.

ಬೋಸರ ಮನಸ್ಸೂ ಆ ವೇಳೆಗೆ ಬೇರೆ ಕಡೆಗೆ ತಿರುಗಿದ್ದಿತು. ಗ್ರಾಹಕದ ಲೋಹವು ಬಹಳ ಹೊತ್ತು ದುಡಿದರೆ ದಣಿದಂತೆ ಮಂದವಾಗಿ, ವಿಶ್ರಾಂತಿ ಕೊಟ್ಟರೆ ಚೇತರಿಸುವುದನ್ನು ಕಂಡು, ಜೀವವಿರುವುದಕ್ಕೂ ಇಲ್ಲದುದಕ್ಕೂ ಗೆರೆ ಎಲ್ಲಿ ಎಂಬ ಪ್ರಶ್ನೆಯು ಅವರನ್ನು ಹಿಡಿಯಿತು. ಮುಟ್ಟಿದರೆ ಮುನಿ ಗಿಡದ ನಾಚಿಕೆಯನ್ನು ಅಳೆದರು. ಗಿಡದ ಬೆಳೆವಣಿಗೆಯನ್ನು ಲಕ್ಷಾಂತರ ಪಾಲು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫನ್ನು ಮಾಡಿದರು. ವಿಲಾಯತಿಯ ಶರೀರಶಾಸ್ತ್ರಜ್ಞರು ಕೆಲವರು ಬಲವಾಗಿ ವಿರೋಧಿಸಿದರು. ಅವರ ಸಿದ್ಧಾಂತಗಳಲ್ಲಿ ಕೆಲವು ನಿಂತಿವೆ, ಕೆಲವು ನಿಂತಿಲ್ಲ. 1915ರಲ್ಲಿ ಕಾಲೇಜಿನಿಂದ ನಿವೃತ್ತಿ. 1917ನೆಯ ನವೆಂಬರ್ 30ರಂದು, ತಮ್ಮ ಹುಟ್ಟಿದ ದಿನದಂದೇ, ಕಲ್ಕತ್ತೆಯಲ್ಲಿ ಬೋಸ್ ವಿಜ್ಞಾನಮಂದಿರದ ಸ್ಥಾಪನೆ. 1920ರಲ್ಲಿ ಅವರು ರಾಯಲ್ ಸೊಸೈಟಿಯ ಸದಸ್ಯರಾದರು. ಮೇಘನಾದ ಸಾಹಾ, ಸತ್ಯೇಂದ್ರನಾಥ ಬೋಸ್ ಇಬ್ಬರೂ ಅವರ ಪಾಠವನ್ನು ಕೇಳಿದವರೇ.

ಸಣ್ಣ ಅಲೆಗಳ ವಿದ್ಯೆಯು ನಮ್ಮ ನಾಡಿಗೆ ಬಂದು ನೆಲೆಸಿದುದು ಸ್ವಾತಂತ್ರ್ಯ ಬಂದ ತರುವಾಯ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿ, ಅಮೆರಿಕದ ಮಿಷಿಗನ್ನಿನಲ್ಲಿ ಡಾಕ್ಟರ್ ಪದವಿಯನ್ನು ಪಡೆದ ಕನ್ನಡತಿ ರಾಜೇಶ್ವರಿಯವರು 1953ರಲ್ಲಿ ಭಾರತೀಯ ವಿಜ್ಞಾನ ಮಂದಿರದಲ್ಲಿ ಅಧ್ಯಾಪಕಿಯಾದರು. ಅಲ್ಲಿಯೇ ಇದ್ದ ಬಂಗಾಳದ ಶಿಶಿರಕುಮಾರ ಚಟರ್ಜಿಯವರನ್ನು ಅದೇ ವರ್ಷ ವಿವಾಹವಾಗಿ, ದಂಪತಿಗಳಿಬ್ಬರೂ ಮೈಕ್ರೋವೇವ್ ಸಂಶೋಧನೆಯನ್ನು ಬೆಳೆಸಿದರು. 2010ರಲ್ಲಿ ತೀರಿಕೊಂಡ ಆಕೆಯ ಶಿಷ್ಯವರ್ಗವು ದೊಡ್ಡದು. 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ, 1958ರಲ್ಲಿ ರಕ್ಷಣಾ ಇಲಾಖೆಯ ರೇಡಾರ್ ಸಂಶೋಧನಾಲಯ, ಎರಡೂ ಬೆಂಗಳೂರಿನಲ್ಲಿ ಹುಟ್ಟಿದುವು. ಕಲ್ಕತ್ತೆಯಲ್ಲಿ ಏಳದ ಕಾರ್ಖಾನೆಯು ಅರ್ಧ ಶತಮಾನ ತಡವಾಗಿ ಇಲ್ಲಿ ಎದ್ದಿತೆನ್ನಬಹುದು.

ಆಚಾರ್ಯ ಬೋಸರು 1937ನೆಯ ನವೆಂಬರ್ 23ರಂದು ಗಿರಿಡಿಯಲ್ಲಿ ದೇಹವನ್ನು ಬಿಟ್ಟರು. ಎಪ್ಪತ್ತೊಂಬತ್ತು ತುಂಬುವುದಕ್ಕೆ ಏಳು ದಿನ ಉಳಿದಿದ್ದುವು. 2012ರಲ್ಲಿ ಅಮೆರಿಕದ ವಿದ್ಯುತ್ ಇಂಜಿನಿಯರುಗಳ ಸಂಘವು, 1894ರಿಂದ 1896ರವರೆಗಿನ ಅವರ ಮಿಲಿಮೀಟರ್ ಅಲೆಯ ಪ್ರಯೋಗಗಳನ್ನು ಮೊದಲನೆಯವೆಂದು ಗೌರವಿಸಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಫಲಕವನ್ನು ಇಡಿಸಿತು. ತಗಡಿನ ಲಾಳಿಕೆ, ಕಿಡಿಯ ಪೆಟ್ಟಿಗೆ, ಸೆಣಬಿನ ಹುರಿ, ತವರ ಹಾಕಿದ ಆ ರೈಲ್ವೆ ಪುಸ್ತಕ, ಇವುಗಳನ್ನು ಬೋಸ್ ವಿಜ್ಞಾನಮಂದಿರದಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ದೇವರಾಯಸಮುದ್ರದ ಮಹನೀಯರು ಕಾಶಿಯಾತ್ರೆಯನ್ನು ಕಲ್ಕತ್ತೆಯ ಮಾರ್ಗವಾಗಿ ಮಾಡುವುದಾದರೆ ಒಂದು ಗಳಿಗೆ ಅಲ್ಲಿ ಇಳಿದು ನೋಡಬಹುದು, ಅಳಿಯಂದಿರನ್ನೂ ಕರೆದೊಯ್ಯಲಿ.